ಎರಡು ಸ್ಟಾಪು ಮೊದಲು

ಭೂತ ಒಳಗೆ ಬರಬಾರದೆಂದು ಬಾಗಿಲ ಮೇಲೆ
'ನಾಳೆ ಬಾ' ಎಂದು ಬರೆಯುತ್ತಿದ್ದಳಂತೆ ನಮ್ಮಜ್ಜಿಯ ಅಜ್ಜಿ,
ಸುಣ್ಣದಲ್ಲಿ.
ನಾನು ಬರೆದದ್ದು ಕ್ಯಾಲೆಂಡರಿನಲ್ಲಿ, ಫ್ರಿಜ್ಜಿನ ಮೇಲೆ,
ಐದು ಗಂಟೆಯ ಅಲಾರಮಿನ ಹಣೆಯಲ್ಲಿ:
ವ್ಯಾಯಾಮವೇ, ನಾಳೆ ಬಾ.
ಅದೂ ಪಾಪ, ಅಕ್ಷರ ಬಲ್ಲ ಭೂತ.
ಓದಿಕೊಂಡು ಹಿಂದಿರುಗಿತು, ಒಂಬತ್ತು ವರ್ಷ.

ಯೋಗದ ಚಾಪೆಯ ಮೇಲೆ ಸಂಡಿಗೆ ಒಣಗಿತು
ಶೆಫೀಲ್ಡಿಗೆ ಬಿಸಿಲು ಬಂದ ಆ ನಾಲ್ಕು ದಿನ.
ಜಿಮ್ಮಿನವರು ತಿಂಗಳಿಗೆ ಇಪ್ಪತ್ತೆರಡು ಪೌಂಡನ್ನು
ನನ್ನ ಬದಲು ತಾವೇ ಎತ್ತಿ ಎತ್ತಿ ಇಳಿಸಿದರು.
ಸಕ್ಕರೆಯ ಅಂಕಿ ತೋರಿಸಿ ಡಾಕ್ಟರು, 'ಗಡಿಯಲ್ಲಿದ್ದೀರಿ' ಎಂದರು.
ಆರೂವರೆಗೆ ವಾರ್ಡು, ಮೂರೂವರೆಗೆ ಇಂಚರಳ ಶಾಲೆ,
ಶನಿವಾರ ಏಜೆನ್ಸಿಯ ಇನ್ನೊಂದು ಪಾಳಿ.
ಗಡಿ ಕಾಯುವವಳಿಗೆ ಪುರುಸೊತ್ತೆಲ್ಲಿ ಸ್ವಾಮಿ?

ನನ್ನದು ಡಯಾಲಿಸಿಸ್ ವಾರ್ಡು.
ನಾಲ್ಕು ಗಂಟೆ ಮನುಷ್ಯ ಕುರ್ಚಿಯಲ್ಲಿ ಅಲುಗದೆ ಒರಗಿರುತ್ತಾನೆ.
ಅವನ ರಕ್ತ ಮಾತ್ರ ಎದ್ದು, ಹೊರಗೆ ಹೋಗಿ,
ಕೊಳವೆಯ ದಾರಿಯಲ್ಲಿ ಸುತ್ತು ಹಾಕಿ ಬರುತ್ತದೆ.

ಏಳನೇ ಕುರ್ಚಿ, ಹ್ಯಾಲಮ್.
ಮೂವತ್ತೊಂದು ವರ್ಷ ಟಪಾಲು ಹಂಚಿದ ಕಾಲು
ಕಂಬಳಿಯ ಕೆಳಗೆ.
'ವ್ಯಾಯಾಮವಾ? ಒಂದು ದಿನ ಮಾಡಿದವನಲ್ಲ, ಲವ್.'
ಇಲ್ಲಿ ಎಲ್ಲರೂ ಎಲ್ಲರಿಗೂ ಲವ್, ಕಸದ ಲಾರಿಯವನಿಗೂ.
'ಕಾಗದ ಹೋಗಬೇಕಿತ್ತು. ಜೊತೆಗೆ ನಾನೂ ಹೋಗ್ತಿದ್ದೆ.'

ಮಾರ್ಚಿನಲ್ಲೊಂದು ಸೋಮವಾರ ಕೇಳಿದ:
'ವಾಕ್ಲಿಯಲ್ಲವಾ ನಿನ್ನ ಮನೆ? ಏರಿನಲ್ಲಿ, ನಲವತ್ತೊಂದನೇ ನಂಬರು,
ಮ್ಯಾಗ್ನೋಲಿಯ ಬಿಟ್ಟಿತಾ?'
ಹೆಸರಿನಲ್ಲೇ ವಾಕ್ ಇಟ್ಟುಕೊಂಡ ಊರಭಾಗದಲ್ಲಿ
ಏಳು ವರ್ಷ ಬಸ್ಸಿನ ಗಾಜಿಗೆ ತಲೆಯಾನಿಸಿ ತೂಕಡಿಸಿದವಳು ನಾನು.
ನೋಡಿ ಹೇಳ್ತೀನಿ, ಅಂದೆ. ಬಾಯಿ ತಪ್ಪಿ.

ಎರಡು ಸ್ಟಾಪು ಮೊದಲೇ ಇಳಿದೆ.
ಏರು ಅಂದರೆ ಏರೇ. ಪಾದಚಾರಿಗಳಿಗೆಂದೇ
ಗೋಡೆಗೆ ಕಬ್ಬಿಣದ ಕಂಬಿ ಹಾಕಿದ್ದಾರೆ, ಮುದುಕರ ಬೀದಿಗೆ ಹಾಕುವಂತೆ.
ನಾನು ಹಿಡಿದುಕೊಂಡೆ. ನಾಚಿಕೆಯೇನು.
ಖಾಲಿ ಡಬ್ಬಿಯೊಳಗೆ ಚಮಚ ಹೆಜ್ಜೆಹೆಜ್ಜೆಗೂ ತಾಳ ಹಾಕಿತು,
ಎದೆ ಅದಕ್ಕಿಂತ ಜೋರು.

ಬುಧವಾರದ ವರದಿ: ಬಿಟ್ಟಿಲ್ಲ. ಮೊಗ್ಗು ಇಲಿಕಿವಿಯಷ್ಟು, ಮೇಲೆ ರೋಮ.
ಹ್ಯಾಲಮ್ ಕಣ್ಣು ಮುಚ್ಚಿ ಕೇಳಿದ, ಕೇಳಿ ತಲೆಯಾಡಿಸಿದ.
ಶುಕ್ರವಾರ: ಇಪ್ಪತ್ತಾರರ ನಾಯಿ ಸತ್ತಿಲ್ಲ,
ಅಥವಾ ಸತ್ತು, ಅದೇ ದನಿಯ ಮಗನನ್ನು ಬಿಟ್ಟುಹೋಗಿದೆ.
ಆಡಿ ಮೇಡಮ್ಮಿನ ಬಾಗಿಲಲ್ಲಿ ಟಪಾಲಿನ ಬಾಯಿ
ಈಗಲೂ ಮೊಣಕಾಲಿನ ಕೆಳಗೇ. 'ನನ್ನ ಸೊಂಟ ತಿಂದ ಬಾಯಿ ಅದು!'

ಜಡಿಮಳೆಯ ಒಂದು ದಿನ ಇಳಿಯಲಿಲ್ಲ.
ಬಸ್ಸಿನಲ್ಲೇ ಕೂತು ವರದಿ ಹೊಸೆದೆ:
ಚರ್ಚಿನ ಹಿಂದಿನ ಕೆಂಪು ಬಾಗಿಲಿಗೆ ಹೊಸ ಬಣ್ಣ.
ಹ್ಯಾಲಮ್ ಬಹಳ ಹೊತ್ತು ಯಂತ್ರ ನೋಡಿದ.
'ಆ ಬಾಗಿಲು ಕಾಣೋದು ಬಸ್ಸಿನ ಎತ್ತರಕ್ಕೆ.
ನಡೆಯೋರಿಗೆ ಗೋಡೆ ಅಡ್ಡ.'
ನಾನು ಪಟ್ಟಿ ಬಿಗಿದಿಲ್ಲವೇನೋ ಎಂಬಂತೆ ಅವನ ತೋಳು ನೋಡಿದೆ.

ಜೂನಿನಲ್ಲಿ ಅವನ ದಿನ ಬದಲಾಯಿತು:
ಮಂಗಳ, ಗುರು, ಶನಿ, ಸಂಜೆಯ ಪಾಳಿ.
ಈಗ ನಾವು ಸಿಗುವುದಿಲ್ಲ.
ಏಳನೇ ಕುರ್ಚಿಯ ಕೈಗೆ ಹಳದಿ ಚೀಟಿ ಅಂಟಿಸುತ್ತೇನೆ.
ಒಮ್ಮೊಮ್ಮೆ ಹಿಂಬದಿಯಲ್ಲಿ ನಡುಗುವ ಅಕ್ಷರ:
ಮೂವತ್ತೆಂಟರ ಗೇಟಿನ ಅಗುಳಿ?
ಒಮ್ಮೊಮ್ಮೆ ಏನೂ ಇರುವುದಿಲ್ಲ, ಚೀಟಿಯೇ ಇರುವುದಿಲ್ಲ,
ಶುಚಿ ಮಾಡುವವರು ಶುಚಿ ಮಾಡಿರುತ್ತಾರೆ.

ಸಕ್ಕರೆ ಇನ್ನೂ ಗಡಿಯಲ್ಲೇ, ಒಂದು ಮೆಟ್ಟಿಲು ಈಚೆಗೆ.

ಇವತ್ತು ಮಳೆ. ಬಸ್ಸಿನಲ್ಲಿ ಕಿಟಕಿಯ ಸೀಟು,
ಕಾಲಬುಡದಲ್ಲಿ ಹೀಟರು, ಕಣ್ಣಲ್ಲಿ ನಿದ್ದೆ.
ನಾಳೆ, ಅನ್ನುವ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು.
ಆದರೆ ನಲವತ್ತೊಂದರವರು ನಿನ್ನೆ
ಆ ಮರಕ್ಕೆ ಏಣಿ ಒರಗಿಸಿದ್ದರು.
ಯಾಕೆ ಅಂತ ಗೊತ್ತಾಗಬೇಕು.
ಗಂಟೆ ಒತ್ತಿದೆ.